ಎಚ್ಚರದಿಂದಿರಿ ಅಂದ್ರ ಏನ್ ಮಾಡ್ಬೇಕು?

ದೀಪಾವಳಿಯ ಆಸುಪಾಸಿನಲ್ಲಿ ಆಳಂದದ ಕಾಕಾನ ಫೋನಿಗೆ ಒಂದು ಇಂಗ್ಲಿಷ್ ಮೆಸೇಜ್ ಬಂತು. ಟ್ರ್ಯಾಕ್ಟರ್ ಸಾಲಕ್ಕೆ ಹಿಂದೊಮ್ಮೆ ಅರ್ಜಿ ಹಾಕಿದ್ದ ಫೈನಾನ್ಸ್ ಕಂಪನಿಯದು. ನಮ್ಮ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೊರಗಿನವರು ನುಗ್ಗಿದ್ದಾರೆ, ಕೆಲವು ಗ್ರಾಹಕರ ಕೆಲವು ಮಾಹಿತಿ ಅವರ ಕೈಸೇರಿರಬಹುದು, ದಯವಿಟ್ಟು ಎಚ್ಚರದಿಂದಿರಿ. ಇಷ್ಟೇ. ನಾನು ಓದಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಚ್ಚರದಿಂದ ಇರ್ರಿ ಅಂದ್ರ ಏನ್ ಮಾಡ್ಬೇಕೋ ತಮ್ಮಾ? ರಾತ್ರಿ ನಿದ್ದಿ ಮಾಡಬಾರ್ದೇನು?"

ನಗು ಬಂತು, ಆದರೆ ಪ್ರಶ್ನೆ ಸರಿಯಾಗಿತ್ತು. ಇಂಥ ಮೆಸೇಜ್ ಬರೆಯುವವರು ತಮ್ಮ ಕೆಲಸ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ಏನು ಹೋಯಿತು, ಯಾವಾಗ ಹೋಯಿತು, ನಾನೀಗ ಯಾವ ಕಚೇರಿಯ ಯಾವ ಕಿಟಕಿಗೆ ಹೋಗಿ ನಿಲ್ಲಬೇಕು, ಒಂದಕ್ಕೂ ಉತ್ತರ ಇರುವುದಿಲ್ಲ.

ಇದು ಕಾಕಾ ಒಬ್ಬರ ಕಥೆಯೂ ಅಲ್ಲ. 2021ರಲ್ಲಿ ಏರ್ ಇಂಡಿಯಾ ಸುಮಾರು 45 ಲಕ್ಷ ಪ್ರಯಾಣಿಕರ ವಿವರ ಸೋರಿದೆ ಎಂದು ಹೇಳಿತು. ಅದರಲ್ಲಿ 2011ರಷ್ಟು ಹಿಂದಿನವರ ವಿವರವೂ ಇತ್ತು. 2023ರ ಅಕ್ಟೋಬರಿನಲ್ಲಿ ರಿಸೆಕ್ಯುರಿಟಿ ಎಂಬ ಅಮೆರಿಕದ ಸಂಸ್ಥೆ, 81.5 ಕೋಟಿ ಭಾರತೀಯರ ಆಧಾರ್ ಮತ್ತು ಪಾಸ್‌ಪೋರ್ಟ್ ವಿವರಗಳನ್ನು ಒಬ್ಬ ಮಾರಾಟಕ್ಕಿಟ್ಟಿದ್ದಾನೆ ಎಂದು ವರದಿ ಮಾಡಿತು. ಆ ಲೆಕ್ಕದಲ್ಲಿ ಅರ್ಧ ಹುಸಿ ಅಂತಿಟ್ಟುಕೊಂಡರೂ ನಮ್ಮ ಮನೆಯವರು ಒಬ್ಬರಾದರೂ ಅದರಲ್ಲಿ ಇದ್ದೇ ಇರುತ್ತಾರೆ.

2025ರ ಜನವರಿಯಲ್ಲಿ ಬೀದರಿನಲ್ಲಿ ಎಟಿಎಂಗೆ ತುಂಬುವ ಹಣವನ್ನು ಹಾಡಹಗಲೇ ಗುಂಡು ಹಾರಿಸಿ ದೋಚಿದಾಗ ನಮ್ಮ ಭಾಗದ ಚಹಾ ಅಂಗಡಿಗಳಲ್ಲಿ ಎಷ್ಟೋ ದಿನ ಅದೇ ಮಾತು. ಒಂದು ಜೀವ ಹೋಗಿತ್ತು, ಹಣದ ಪೆಟ್ಟಿಗೆ ಹೋದದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಮಾಹಿತಿಯ ಕಳವಿನಲ್ಲಿ ಏನೂ ಕಾಣುವುದಿಲ್ಲ. ಕಳುವಾದ ಮೇಲೂ ಆಧಾರ್ ಕಾರ್ಡು ಟ್ರಂಕಿನಲ್ಲೇ ಇರುತ್ತದೆ, ಪಾಸ್‌ಬುಕ್ಕು ಗೂಟಕ್ಕೆ ನೇತುಹಾಕಿದ ಚೀಲದಲ್ಲೇ ಇರುತ್ತದೆ. ಅದಕ್ಕೇ ಯಾರೂ ಗಾಬರಿಯಾಗುವುದಿಲ್ಲ.

ಕಾಕಾನ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ ಹೀಗೆ ಶುರುವಾಗುತ್ತದೆ: ಹೋದದ್ದು ವಾಪಸ್ ಬರುವುದಿಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಆಧಾರ್ ನಂಬರ್ ಗುಟ್ಟು ಅಂತ ತಿಳಿದು ಅದನ್ನು ಇನ್ನೂ ಬಚ್ಚಿಡಲು ಹೆಣಗುವುದಕ್ಕಿಂತ, ಆ ನಂಬರ್ ಹಿಡಿದುಕೊಂಡು ಬಂದವನಿಗೆ ಯಾವ್ಯಾವ ಬಾಗಿಲು ತೆರೆಯುತ್ತದೆ ಎಂದು ನೋಡಿ, ಅವಕ್ಕೆ ಒಂದೊಂದಾಗಿ ಚಿಲಕ ಹಾಕುವುದೇ ಕೆಲಸ.

ಸೋರಿದ ಎಲ್ಲದರ ಅಪಾಯ ಒಂದೇ ತೂಕದ್ದಲ್ಲ. ಪಾಸ್‌ವರ್ಡ್ ಹೋದರೆ ಬದಲಾಯಿಸಿದರೆ ಮುಗಿಯಿತು. ಒಂದೇ ಪಾಸ್‌ವರ್ಡನ್ನು ಜಿಮೇಲ್‌ಗೂ ಬ್ಯಾಂಕಿಗೂ ಸೀರೆ ಕೊಳ್ಳುವ ಆ್ಯಪಿಗೂ ಇಟ್ಟವರು ಎಲ್ಲ ಕಡೆ ಬದಲಾಯಿಸಬೇಕು, ಅದರಲ್ಲೂ ಜಿಮೇಲ್ ಮೊದಲು. ಬಾಕಿ ಎಲ್ಲದರ ಪಾಸ್‌ವರ್ಡ್ ಮರೆತಾಗ ಹೊಸದು ಬಂದು ಬೀಳುವುದು ಅಲ್ಲಿಗೇ. ಎಟಿಎಂ ಕಾರ್ಡಿನ ನಂಬರ್ ಹೋದರೆ ಬ್ಯಾಂಕಿಗೆ ಹೇಳಿ ಬ್ಲಾಕ್ ಮಾಡಿಸಿ ಹೊಸದು ತರಿಸಬಹುದು. ಪ್ಯಾನ್, ಆಧಾರ್, ಹುಟ್ಟಿದ ದಿನ, ಅಪ್ಪನ ಹೆಸರು, ಇವು ಬದಲಾಗುವಂಥವಲ್ಲ. ಇನ್ನು ಕಾಯಿಲೆಯ ವಿವರ. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಕಾಗದಪತ್ರಗಳು ಟೆಲಿಗ್ರಾಂ ಆ್ಯಪಿನ ಬಾಟ್‌ಗಳಲ್ಲಿ, ಅಂದರೆ ತಾನಾಗಿ ಉತ್ತರ ಕೊಡುವ ಖಾತೆಗಳಲ್ಲಿ, ಕೇಳಿದವರಿಗೆ ಸಿಗುತ್ತಿದ್ದವು. ಅದರಲ್ಲಿ ಆಸ್ಪತ್ರೆಯ ರಿಪೋರ್ಟುಗಳೂ ಇದ್ದವು. ಮಗಳ ಮದುವೆ ಮಾತುಕತೆ ನಡೆದಿರುವ ಮನೆಗೆ ಅಂಥದ್ದು ಏನು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಯಾವ ಚಿಲಕವೂ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬೆರಳಚ್ಚು ಹೋಗುವುದು. ಅದನ್ನು ಕೊಂಚ ಬಿಡಿಸಿ ಹೇಳುತ್ತೇನೆ. ಪಟ್ಟಣದವರಿಗೆ ಇದರ ಬಿಸಿ ಅಷ್ಟು ತಟ್ಟುವುದಿಲ್ಲ, ನಮ್ಮ ಹಳ್ಳಿಗಳಿಗೆ ತಟ್ಟುತ್ತದೆ.

ಊರಿಗೆ ಬರುವ ಬ್ಯಾಂಕ್ ಮಿತ್ರನ ಕೈಯಲ್ಲಿ ಒಂದು ಸಣ್ಣ ಮಷಿನ್ ಇರುತ್ತದಲ್ಲ, ಅದರ ಹಿಂದಿರುವ ವ್ಯವಸ್ಥೆಗೆ ಎಇಪಿಎಸ್ ಎನ್ನುತ್ತಾರೆ. ಆಧಾರ್ ನಂಬರ್ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿದರೆ ಹಣ ಬರುತ್ತದೆ. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಮುಪ್ಪಾದವರಿಗೆ, ಓದು ಬಾರದವರಿಗೆ ಇದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ವೃದ್ಧಾಪ್ಯ ವೇತನಕ್ಕೆ ಹೋಬಳಿಯ ಬ್ಯಾಂಕಿನವರೆಗೆ ಟಂಟಂ ಹಿಡಿದು ಹೋಗುವುದು ತಪ್ಪಿದ್ದು ಇದರಿಂದಲೇ. ಆದರೆ ಬೆರಳಚ್ಚು ಬೇರೆಯವರ ಕೈಗೆ ಸಿಕ್ಕರೆ? 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬ ನೋಂದಣಿ ಇಲಾಖೆಯ ವೆಬ್‌ಸೈಟಿನಿಂದ ಆಸ್ತಿ ಪತ್ರಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತಿನಿಂದ ರಬ್ಬರ್ ಸ್ಟಾಂಪ್ ಮಾಡುವ ಮಷಿನ್ನಿನಲ್ಲಿ ನಕಲಿ ಬೆರಳು ತಯಾರಿಸಿದ್ದ. ಹಾಗೆ ಊರವರ ಹೆಸರಿನಲ್ಲಿ ಸಾವಿರಾರು ಸಿಮ್ ಚಾಲೂ ಮಾಡಿದ್ದ. ಯಾಕೆ ಗೊತ್ತೇ? ಮಾರಾಟದ ಟಾರ್ಗೆಟ್ ಮುಟ್ಟಲು! 2023ರಲ್ಲಿ ನಮ್ಮ ರಾಜ್ಯದಲ್ಲೇ, ಮಂಗಳೂರು, ಬೆಂಗಳೂರು ಕಡೆ, ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಇದೇ ಎಇಪಿಎಸ್ ಹಾದಿಯಲ್ಲಿ ಹಣ ಹೋಯಿತು. ನೋಂದಣಿ ಪತ್ರದಲ್ಲಿ ಆಧಾರ್ ನಂಬರೂ ಬೆರಳಚ್ಚೂ ಒಟ್ಟಿಗೆ ಇದ್ದವು. ಕಳ್ಳನಿಗೆ ಇನ್ನೇನು ಬೇಕು? ಆಮೇಲೆ ಅವನ್ನು ಮರೆಮಾಡುವ ಕ್ರಮಕ್ಕೆ ಸರ್ಕಾರ ಕೈಹಾಕಿತು.

ತಮಾಷೆ ನೋಡಿ, ತೊಗರಿ ಕೊಯ್ದು ಕೊಯ್ದು ಗೆರೆ ಸವೆದ ನಮ್ಮ ಕಾಕುವಿನ ಹೆಬ್ಬೆಟ್ಟು ರೇಷನ್ ಅಂಗಡಿಯ ಮಷಿನ್ನಿಗೆ ಹಿಡಿಸುವುದಿಲ್ಲ. ಒರೆಸಿ, ಎಣ್ಣೆ ಹಚ್ಚಿ, ಮತ್ತೊಂದು ಬೆರಳಿಟ್ಟು, ನಾಳಿ ಬರ್ರಿ ಅನ್ನಿಸಿಕೊಂಡು ಬರುತ್ತಾರೆ.

ಇದಕ್ಕೆ ಚಿಲಕ ಇದೆ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಅಥವಾ ಅದರ ಮೊಬೈಲ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬುದೊಂದಿದೆ. ಹಾಕಿದರೆ ಯಾರ ಬೆರಳಿಟ್ಟರೂ, ಅಸಲಿ ಇರಲಿ ನಕಲಿ ಇರಲಿ, ನಡೆಯುವುದಿಲ್ಲ. ಬೇಕಾದಾಗ ಸ್ವಲ್ಪ ಹೊತ್ತಿಗೆ ಮಾತ್ರ ತೆರೆದುಕೊಳ್ಳಬಹುದು. ಪೇಪರಿನಲ್ಲಿ ಬರೆಯುವ ಪರಿಣತರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಲಾಕ್ ಹಾಕಿದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ. ತೆರೆಯಲು ಒಟಿಪಿ ಬೇಕು, ಒಟಿಪಿ ಬರುವ ಫೋನು ಮಗನ ಜೊತೆ ಪುಣೆಯಲ್ಲಿ ಇರುತ್ತದೆ. ಹಾಗಾಗಿ ನಾವು ಮನೆಯಲ್ಲಿ ಮಾಡಿಕೊಂಡ ಹಂಚಿಕೆ ಹೀಗಿದೆ: ಬೆರಳು ಒತ್ತಿ ಏನನ್ನೂ ತರದ ಕಾಕಾ ಮತ್ತು ನಾನು ಲಾಕ್ ಹಾಕಿಕೊಂಡೆವು. ರೇಷನ್ ತರುವ ಕಾಕುವಿಗೆ ಹಾಕಲಿಲ್ಲ. ಬದಲಿಗೆ ಅವರ ಖಾತೆಗೆ ಎಇಪಿಎಸ್ ಬೇಡ ಎಂದು ಬ್ಯಾಂಕಿಗೆ ಬರೆದುಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆವು. ಎಲ್ಲ ಮನೆಗೂ ಇದೇ ಸರಿ ಅಂತಲ್ಲ. ಬ್ಯಾಂಕ್ ಮಿತ್ರನನ್ನೇ ನಂಬಿಕೊಂಡಿರುವ ಮನೆಯಲ್ಲಿ ಎರಡೂ ಆಗುವುದಿಲ್ಲ. ಅಂಥವರು ಆ ಖಾತೆಯಲ್ಲಿ ತಿಂಗಳ ಖರ್ಚಿಗಿಂತ ಹೆಚ್ಚು ಇಡದಿರುವುದು ವಾಸಿ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಕಳೆದ ಆರು ತಿಂಗಳ ಪಟ್ಟಿಯೂ ಅದೇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆ ಪಟ್ಟಿ ನೋಡುವುದು ನನಗೆ ಒಂದು ಚಟವೇ ಆಗಿದೆ. ಇದಕ್ಕೆಲ್ಲ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇರಬೇಕು.

ಅಲ್ಲೇ ದೊಡ್ಡ ತೊಡಕು. ಯಾದಗಿರಿ ಕಡೆಯಿಂದ ದುಡಿಯಲು ಬೆಂಗಳೂರು, ಮುಂಬೈ, ಪುಣೆಗೆ ಹೋದವರ ನಂಬರ್ ಸ್ಥಿರವಾಗಿರುವುದು ಕಡಿಮೆ. ಹೋದ ಊರಲ್ಲಿ ಹೊಸ ಸಿಮ್, ಬಂದಾಗ ಇನ್ನೊಂದು, ರೀಚಾರ್ಜ್ ಮಾಡಿಸದೆ ಬಿಟ್ಟದ್ದು ಮತ್ತೊಂದು. ಬಂದಾದ ನಂಬರನ್ನು ಕಂಪನಿಯವರು 90 ದಿನದ ಮೇಲೆ ಬೇರೆಯವರಿಗೆ ಕೊಡಬಹುದು. ನಿಮ್ಮ ಆಧಾರಿಗೆ, ಬ್ಯಾಂಕಿಗೆ ಜೋಡಿಸಿದ ಹಳೆಯ ನಂಬರ್ ಈಗ ಯಾರ ಜೇಬಿನಲ್ಲಿದೆಯೋ! ಯಾವ ಹ್ಯಾಕರ್ರೂ ನುಗ್ಗಬೇಕಿಲ್ಲ, ಒಟಿಪಿ ತಾನಾಗಿ ಅವರ ಫೋನಿಗೆ ಹೋಗುತ್ತದೆ. ಸೋರಿಕೆಯ ಸುದ್ದಿ ಬಂದ ದಿನ ಪಾಸ್‌ವರ್ಡಿಗಿಂತ ಮೊದಲು ನೋಡಬೇಕಾದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಈಗಿನ ನಂಬರ್ ಜೋಡಿಸಬೇಕು, ಆಮೇಲೆ ಬ್ಯಾಂಕಿನಲ್ಲಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಕಾಣುತ್ತದೆ. ನಿಮ್ಮದಲ್ಲದ್ದನ್ನು ಅಲ್ಲಿಂದಲೇ ದೂರು ಹಾಕಿ ತೆಗೆಸಬಹುದು. ಇನ್ನು, ಇದ್ದಕ್ಕಿದ್ದಂತೆ ಫೋನಿನ ಸಿಗ್ನಲ್ ಹೋಗಿ, ಅದೇ ಕಂಪನಿಯ ಬೇರೆ ಫೋನುಗಳಿಗೆ ಇದ್ದರೆ, ಟವರ್ ಕೆಟ್ಟಿದೆ ಅಂತ ಮಲಗಬೇಡಿ. ನಿಮ್ಮ ನಂಬರಿಗೆ ಬೇರೆ ಯಾರೋ ಹೊಸ ಸಿಮ್ ತೆಗೆಸಿರಬಹುದು.

"ಆಧಾರ್ ಯಾರಿಗೂ ಕೊಡಬೇಡಿ" ಎನ್ನುವ ಉಪದೇಶ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೊಡದೆ ಕಲಬುರಗಿಯಲ್ಲಿ ಒಂದು ದಿನ ಕಳೆದು ತೋರಿಸಲಿ. ಮಿನಿ ವಿಧಾನಸೌಧದ ಹತ್ತಿರದ ಜೆರಾಕ್ಸ್ ಅಂಗಡಿಗಳಲ್ಲಿ ನಿಂತು ನೋಡಿ. ನಮ್ಮ ಭಾಗದವರ ಮೀಸಲಾತಿಯ 371ಜೆ ಸರ್ಟಿಫಿಕೇಟಿಗೆ ಒಂದು ಸೆಟ್, ಜಾತಿ ಆದಾಯಕ್ಕೆ ಒಂದು ಸೆಟ್, ಹಾಸ್ಟೆಲ್ಲಿಗೆ ಒಂದು, ಬೆಂಬಲ ಬೆಲೆಗೆ ತೊಗರಿ ಕೊಡಲು ಪಹಣಿ ಪಾಸ್‌ಬುಕ್ ಆಧಾರ್ ಸೇರಿಸಿ ಇನ್ನೊಂದು. ಸರಿಯಾಗಿ ಬರದ ಪ್ರತಿ ಅಲ್ಲೇ ಬುಟ್ಟಿಗೆ. ಈಗಂತೂ "ಅಣ್ಣಾ, ವಾಟ್ಸಾಪ್ ಮಾಡೀನಿ, ಪ್ರಿಂಟ್ ತಗೀರಿ" ಅಂದರೆ ಆಯಿತು. ಆ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಧ ಕಲಬುರಗಿಯ ಆಧಾರ್ ಫೋಟೋಗಳು ಬಿದ್ದಿರುತ್ತವೆ. ಅಂಗಡಿಯವ ಒಳ್ಳೆಯವನೇ. ಆ ಕಂಪ್ಯೂಟರನ್ನು ನಾಳೆ ಹಳೇ ಸಾಮಾನಿನವನಿಗೆ ಮಾರಿದಾಗ ಏನಾಗುತ್ತದೆ ಎಂದು ಅವನೂ ಯೋಚಿಸಿರುವುದಿಲ್ಲ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಜೆರಾಕ್ಸ್ ಪ್ರತಿ ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿಯುವ ಸಂಭವವಿದೆ ಎಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಸಲಹೆ ಮಾತ್ರ ಒಳ್ಳೆಯದೇ ಇತ್ತು. ಲಾಡ್ಜಿನಲ್ಲಿ, ಕೊರಿಯರ್ ಆಫೀಸಿನಲ್ಲಿ ನಾನು ಮಾಸ್ಕ್ ಮಾಡಿದ್ದನ್ನೇ ಕೊಡುತ್ತೇನೆ, ಯಾರೂ ಬೇಡ ಅಂದಿಲ್ಲ. ಸರ್ಕಾರಿ ಟೇಬಲ್ಲಿನ ಮುಂದೆ ಆ ಮಾತು ನಡೆಯುವುದಿಲ್ಲ. ಅಲ್ಲಿ ಪ್ರತಿಯ ಮೇಲೆ ಅಡ್ಡವಾಗಿ, ಯಾವ ಕೆಲಸಕ್ಕೆ ಕೊಟ್ಟದ್ದು ಎಂದೂ ತಾರೀಖನ್ನೂ ಪೆನ್ನಿನಲ್ಲಿ ಬರೆದು ಸಹಿ ಹಾಕುತ್ತೇನೆ. ಅದೇ ಪ್ರತಿ ಇನ್ನೊಂದು ಸಾಲದ ಅರ್ಜಿಗೆ ಅಂಟಿಕೊಳ್ಳುವುದು ಅಷ್ಟರ ಮಟ್ಟಿಗೆ ಕಷ್ಟವಾಗುತ್ತದೆ.

ಸಾಲ ಅಂದೆ. ಪ್ಯಾನ್, ಆಧಾರ್, ಫೋಟೋ ಮೂರೂ ಸಿಕ್ಕವರು ನಿಮ್ಮ ಹೆಸರಲ್ಲಿ ಮೊಬೈಲ್ ಆ್ಯಪ್‌ಗಳಿಂದ ಸಣ್ಣ ಸಾಲ ಎತ್ತುವುದುಂಟು. ನಮ್ಮ ಕಡೆ ಇದು ಗೊತ್ತಾಗುವುದು ಬೆಳೆ ಸಾಲಕ್ಕೆ ಹೋದಾಗ, ಮ್ಯಾನೇಜರ್ "ನಿಮ್ದು ಸಿಬಿಲ್ ಹಾಳಾಗ್ಯಾದ" ಅಂದಾಗ. ಅಲ್ಲಿಯವರೆಗೆ ಕಾಯಬೇಕಿಲ್ಲ. ಯಾರು ಎಷ್ಟು ಸಾಲ ತೆಗೆದರು, ಹೇಗೆ ತೀರಿಸಿದರು ಎಂಬ ಲೆಕ್ಕ ಇಡುವ ಕಂಪನಿಗಳು ದೇಶದಲ್ಲಿ ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಮೂರು ತಿಂಗಳಿಗೆ ಒಂದು ಕಂಪನಿಯದು ಅಂತ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಯಿತು. ಪುಕ್ಕಟೆ ಸಿಗುವುದಕ್ಕೆ ಆನ್‌ಲೈನ್ ಸೆಂಟರಿನಲ್ಲಿ ದುಡ್ಡು ಕೊಟ್ಟು, ಜೊತೆಗೆ ಇನ್ನೊಮ್ಮೆ ಎಲ್ಲ ದಾಖಲೆ ಅವರ ಕಂಪ್ಯೂಟರಿಗೆ ಏರಿಸಿ ಬರಬೇಡಿ, ಅಷ್ಟೇ.

ಕಾಕಾನಿಗೆ ಫೋನ್ ಬಂದದ್ದು ಜನವರಿಯಲ್ಲಿ, ತೊಗರಿ ತಗೊಂಡು ಗಂಜ್ ಮಾರುಕಟ್ಟೆಗೆ ಹೋಗಿದ್ದಾಗ. ದೀಪಾವಳಿಯ ಮೆಸೇಜು ಅಷ್ಟರಲ್ಲಿ ಎಲ್ಲರಿಗೂ ಮರೆತಿತ್ತು. ಕಳ್ಳರಿಗೆ ಅವಸರ ಇರುವುದಿಲ್ಲ. ಫೋನಿನಲ್ಲಿದ್ದವ ಕನ್ನಡದಲ್ಲೇ ಮಾತಾಡಿದ. ಕಾಕಾನ ಪೂರ್ತಿ ಹೆಸರು, ಅಪ್ಪನ ಹೆಸರು, ಹೊಲದ ಸರ್ವೆ ನಂಬರ್, ಯಾವ ಟ್ರ್ಯಾಕ್ಟರಿಗೆ ಎಷ್ಟು ಸಾಲ ಕೇಳಿದ್ದರು, ಎಲ್ಲ ಹೇಳಿದ. ಪ್ರೊಸೆಸಿಂಗ್ ಫೀ ವಾಪಸ್ ಬರುವುದಿದೆ, ವಾಟ್ಸಾಪಿಗೆ ಒಂದು ಫೈಲು ಕಳಿಸಿದ್ದೇನೆ, ಒತ್ತಿರಿ ಎಂದ. "ಗಂಜಿನಾಗ ತೂಕ ನಡದಾದ, ಆಮ್ಯಾಲ ಮಾಡು" ಎಂದು ಕಾಕಾ ಫೋನಿಟ್ಟರು. ಉಳಿಸಿದ್ದು ಆ ತೂಕವೇ. ರಾತ್ರಿ ನನಗೆ ಹೇಳುವಾಗಲೂ ಅವರ ದನಿಯಲ್ಲಿ ಅನುಮಾನ ಇರಲಿಲ್ಲ. "ಖರೇನೇ ಇರ್ಬೇಕೋ. ನಮ್ಮಪ್ಪನ ಹೆಸರು ಹೇಳ್ಯಾನ, ಸರ್ವೆ ನಂಬರ್ ಹೇಳ್ಯಾನ, ಸುಳ್ಳ ಯಾಕ್ ಹೇಳ್ತಾನ?"

ಈ ಮಾತು ನನ್ನನ್ನು ಬಹಳ ಕಾಡಿತು. ನಮ್ಮ ಊರುಗಳಲ್ಲಿ ಗುರುತು ಹಿಡಿಯುವ ರೀತಿಯೇ ಹಾಗೆ. ಬಸ್ಸಿನಲ್ಲಿ ಪಕ್ಕ ಕೂತವನಿಗೂ ಯಾವ ಊರು, ಯಾರ ಪೈಕಿ ಅಂತ ಕೇಳುತ್ತೇವೆ. ಅಪ್ಪನ ಹೆಸರು, ಅಜ್ಜನ ಹೆಸರು, ಹೊಲ ಯಾವ ದಿಕ್ಕಿಗೆ ಅಂತ ಹೇಳಿದರೆ ಅವ ನಮ್ಮವ. ಪರಿಚಯವೇ ಇಲ್ಲಿ ಸಾಕ್ಷಿ. ಸೋರಿಕೆಯಾದ ಮಾಹಿತಿ ಈ ನಂಬಿಕೆಯ ಬುಡಕ್ಕೇ ಕೊಡಲಿ ಹಾಕುತ್ತದೆ. ನಿಮ್ಮ ಬಗ್ಗೆ ಎಲ್ಲ ಗೊತ್ತಿರುವವ ನಿಮ್ಮವನೇ ಆಗಬೇಕೆಂದಿಲ್ಲ. ಹಾಗಾಗಿ ಮನೆಯವರಿಗೆಲ್ಲ ನಾನು ಪದೇ ಪದೇ ಹೇಳುವುದು ಇಷ್ಟು: ಅವರು ಏನು ಹೇಳಿದರು ಅನ್ನುವುದು ಲೆಕ್ಕಕ್ಕಿಲ್ಲ, ಏನು ಕೇಳಿದರು ಅನ್ನುವುದು ಲೆಕ್ಕ. ಒಟಿಪಿ ಕೇಳಿದರೋ, ಫೈಲು ಒತ್ತಿ ಅಂದರೋ, ಹಣ ಬರಬೇಕಾದರೆ ಯುಪಿಐ ಪಿನ್ ಹಾಕಿ ಅಂದರೋ, ಅಲ್ಲಿಗೇ ಫೋನಿಡಬೇಕು. ಹಣ ಬರುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ವಾಟ್ಸಾಪಿನಲ್ಲಿ ಬರುವ ಆ ಫೈಲಿನ ಹೆಸರು ಎಪಿಕೆ ಎಂದು ಮುಗಿದರೆ ಅದು ಕಾಗದವಲ್ಲ, ಒಂದು ಆ್ಯಪು. ಒಳಗೆ ಕೂತರೆ ನಿಮ್ಮ ಮೆಸೇಜುಗಳನ್ನು ನಿಮಗಿಂತ ಮೊದಲು ಅದೇ ಓದುತ್ತದೆ. ಬೆಳೆ ವಿಮೆ, ಪಿಎಂ ಕಿಸಾನ್ ಹೆಸರಿನಲ್ಲೂ ಇಂಥವು ಓಡಾಡುತ್ತವೆ. ನಿಜವಾಗಿ ಕಂಪನಿಯವರೇ ಇದ್ದಾರೇನೋ ಅನ್ನಿಸಿದರೆ, ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಫೋನ್ ಮಾಡಿ. ಗೂಗಲಿನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ಬೇಡ, ಅಲ್ಲೂ ಅವರೇ ಕೂತಿರುತ್ತಾರೆ.

ಇಷ್ಟಾಗಿಯೂ ಹಣ ಹೋದರೆ 1930ಕ್ಕೆ ಫೋನ್ ಮಾಡಬೇಕು, ಅದೇ ಗಳಿಗೆಯಲ್ಲಿ. ಮನೆಯಲ್ಲಿ ಬೈಸಿಕೊಳ್ಳುವ ಹೆದರಿಕೆಗೆ ಒಂದು ರಾತ್ರಿ ಮುಚ್ಚಿಟ್ಟರೆ ಹಣ ಖಾತೆಯಿಂದ ಖಾತೆಗೆ ಹಾರಿ ಕೈಮೀರುತ್ತದೆ. ಆಮೇಲೆ ಬ್ಯಾಂಕಿಗೆ ಬರೆದು ಕೊಡಬೇಕು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ಬೇರೆಲ್ಲೋ ಆದ ಸೋರಿಕೆಯಿಂದ ಹಣ ಹೋದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸುವಂತಿಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ನಷ್ಟ ನಿಮ್ಮದು. ಒಟಿಪಿ ನೀವೇ ಹೇಳಿಬಿಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದೇ, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾಗಿ ತಿಳಿಸಿದ ತಾರೀಖು ಮತ್ತು ಹೊತ್ತು ಕಾಗದದಲ್ಲಿ ಇರಬೇಕು. ಕೌಂಟರಿನವರು "ಹೇಳೀರಲ್ಲ, ನೋಡ್ತೀವಿ, ಹೋಗ್ರಿ" ಅಂದರೆ ಹೋಗಬಾರದು. ಸೀಲು ಬಿದ್ದ ಪ್ರತಿ ಕೈಗೆ ಬರುವವರೆಗೆ ಕೂತಿರಬೇಕು. ಪೊಲೀಸ್ ದೂರಿಗೆ ಜಿಲ್ಲೆಗೊಂದು ಸಿಇಎನ್ ಠಾಣೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ) ಇದೆ.

ಇಷ್ಟೆಲ್ಲ ಓಡಾಟ ಮಾಡಬೇಕಾದ್ದು ಯಾರು? ಕಾಕಾ. ಕಾಗದಗಳನ್ನು ಕಾಯಲಾಗದೆ ಕಳೆದುಕೊಂಡ ಕಂಪನಿ ಒಂದು ಮೆಸೇಜ್ ಹಾಕಿ ಸುಮ್ಮನಾಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಆರು ವರ್ಷದ ಮೇಲೆ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು. ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ ಮತ್ತೆ ಹದಿನೆಂಟು ತಿಂಗಳು. ಮಾಹಿತಿ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ, ಕಾಕಾನಂಥವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಹಿಂದಿನ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ನೊಂದವರಿಗೆ ಪರಿಹಾರ ಕೊಡಿಸುವ 43ಎ ಎಂಬ ಕಲಮು ಇತ್ತು. ಅದನ್ನು ತೆಗೆದುಹಾಕಲು ಇದೇ ಕಾಯ್ದೆ ಹೇಳುತ್ತದೆ! ಜೊತೆಗೆ ಸುಳ್ಳು ದೂರು ಕೊಟ್ಟ ಸಾಮಾನ್ಯನಿಗೆ 10,000 ರೂಪಾಯಿವರೆಗೆ ದಂಡ ಹಾಕಲು ಮಾತ್ರ ಮರೆತಿಲ್ಲ.

ಆ ನಿಯಮಗಳಲ್ಲಿ ನನಗೆ ಹಿಡಿಸಿದ ಒಂದು ಸಂಗತಿ ಇದೆ. ಸೋರಿಕೆಯಾದರೆ ಕಂಪನಿ ಪ್ರತಿಯೊಬ್ಬ ಗ್ರಾಹಕನಿಗೂ ತಡಮಾಡದೆ, ಸರಳವಾಗಿ ತಿಳಿಸಬೇಕು. ಏನು ಹೋಯಿತು, ಎಷ್ಟು ಹೋಯಿತು, ಯಾವಾಗ ಹೋಯಿತು, ಅದರಿಂದ ಗ್ರಾಹಕನಿಗೆ ಏನಾಗಬಹುದು, ಕಂಪನಿ ಏನು ಮಾಡುತ್ತಿದೆ, ಗ್ರಾಹಕ ಏನು ಮಾಡಿಕೊಳ್ಳಬೇಕು, ಕೇಳಲು ಯಾರನ್ನು ಸಂಪರ್ಕಿಸಬೇಕು, ಇಷ್ಟೂ ಇರಬೇಕು. ಒಪ್ಪಿಗೆ ಕೇಳುವ ನೋಟಿಸನ್ನಂತೂ ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದಿಕೊಳ್ಳುವ ಅವಕಾಶ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ.

ಜಾರಿಯಾಗುವವರೆಗೆ ಕೈಕಟ್ಟಿ ಕೂರುವುದು ಯಾಕೆಂದು, ಕಾಕಾನ ಹೆಸರಿನಲ್ಲಿ ಆ ಫೈನಾನ್ಸಿಗೆ ಒಂದು ಪತ್ರ ಬರೆದೆವು. ನನ್ನ ಯಾವ್ಯಾವ ದಾಖಲೆ ನಿಮ್ಮಲ್ಲಿದ್ದವು, ಅದರಲ್ಲಿ ಯಾವುದು ಹೋಗಿದೆ, ಸಾಲ ಮಂಜೂರೇ ಆಗದ ಮೇಲೂ ಅವನ್ನು ಯಾಕೆ ಇಟ್ಟುಕೊಂಡಿದ್ದಿರಿ, ಈಗ ಅಳಿಸಿದ್ದೀರಾ. ಕನ್ನಡದಲ್ಲೇ ಬರೆದೆವು, ಉತ್ತರವೂ ಕನ್ನಡದಲ್ಲಿ ಬೇಕು ಎಂದು ಕೊನೆಯಲ್ಲಿ ಸೇರಿಸಲು ಹೇಳಿದ್ದು ಕಾಕಾ. ಸ್ಟೇಷನ್ ರೋಡಿನ ಅವರ ಶಾಖೆಯಲ್ಲಿ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡಿದ್ದೇವೆ. ಕೌಂಟರಿನ ಹುಡುಗ ಪತ್ರ ಓದಿ, ಜೊತೆಗೆ ಆಧಾರ್ ಜೆರಾಕ್ಸ್ ಒಂದು ಹಚ್ಚಿರಿ ಅಂದ. ಮಾಸ್ಕ್ ಮಾಡಿದ್ದನ್ನು ಹಚ್ಚಿ, ಮೇಲೆ ತಾರೀಖು ಬರೆದು ಕೊಟ್ಟು ಬಂದೆವು.